ಬೇವೂರಿನ ಎದೆಬಡಿತಕ್ಕೆ ಇಂಗ್ಲಿಷ್ ಮದ್ದೇ?

ಕನ್ನಡದ ಯುವಕ ಯುವತಿಯರೇ,

ನಿಮ್ಮ ಮೊಬೈಲ್ ಫೋನಿಗೆ ಹೊಸ ಸರಕೊಂದು ಬಂದಿಳಿದಿದೆ. ಹೆಸರು ‘ಕ್ಲೈಮೇಟ್ ಆಂಗ್ಸೈಟಿ ಕೋಚಿಂಗ್’. ಭೂಮಿ ಕಾಯುತ್ತಿದೆ, ಮಳೆ ದಾರಿ ತಪ್ಪಿದೆ, ನಾಳೆ ಏನಾಗುವುದೋ ಎಂದು ನಿಮಗೆ ನಿದ್ದೆ ಬರುತ್ತಿಲ್ಲವೇ? ಗಂಟೆಗೆ ಇಷ್ಟು ಎಂದು ದುಡ್ಡು ಕಟ್ಟಿ. ಕೋಚ್ ಒಬ್ಬರು ಪರದೆಯ ಮೇಲೆ ಬರುತ್ತಾರೆ. ನಿಮ್ಮ ಭಯವನ್ನು ಕೇಳಿಸಿಕೊಳ್ಳುತ್ತಾರೆ, ಸಮಾಧಾನ ಹೇಳುತ್ತಾರೆ, ಉಸಿರು ಎಳೆದುಕೊಳ್ಳುವುದನ್ನು ಕಲಿಸುತ್ತಾರೆ. ಎಲ್ಲವೂ ಇಂಗ್ಲಿಷಿನಲ್ಲಿ!

ನಗಬೇಡಿ. ಈ ಭಯ ಸುಳ್ಳಲ್ಲ. 2017ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಇದರ ಬಗ್ಗೆ ವರದಿಯನ್ನೇ ಪ್ರಕಟಿಸಿತು. 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಜನರ ಸಮೀಕ್ಷೆ ಬಂತು. ನೂರಕ್ಕೆ 59 ಮಂದಿ ಹವಾಮಾನದ ಬಗ್ಗೆ ವಿಪರೀತ ಚಿಂತೆ ಇದೆ ಎಂದರು. ನೂರಕ್ಕೆ 45ಕ್ಕೂ ಹೆಚ್ಚು ಮಂದಿ ಈ ಚಿಂತೆ ತಮ್ಮ ದಿನನಿತ್ಯದ ಬದುಕನ್ನೇ ಕೆಡಿಸುತ್ತಿದೆ ಎಂದರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ದೋಣಿ ಓಡಾಡಿದ್ದನ್ನೂ, 2024ರ ಮಾರ್ಚಿನಲ್ಲಿ ಅದೇ ಬೆಂಗಳೂರು ಟ್ಯಾಂಕರ್ ನೀರಿಗೆ ಕ್ಯೂ ನಿಂತದ್ದನ್ನೂ ಕಣ್ಣಾರೆ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ?

ಆದರೆ ಒಂದು ಪ್ರಶ್ನೆ. ಆ ಸಮೀಕ್ಷೆ ನಡೆದದ್ದು ಅಂತರ್ಜಾಲದಲ್ಲಿ. ಬೇವೂರನ್ನು ಯಾರು ಕೇಳಿದರು?

ಬೇವೂರು ಗೊತ್ತೇ? ಕೊಪ್ಪಳ ಜಿಲ್ಲೆ, ಯಲಬುರ್ಗಾ ತಾಲ್ಲೂಕು. ಒಣಬೇಸಾಯದ ಸೀಮೆ. ಅದೇ ಜಿಲ್ಲೆಯ ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟು ಇದೆ. ಅದರ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಯಲಬುರ್ಗಾಕ್ಕೆ ಇರುವುದು ಆಕಾಶ ಒಂದೇ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುವ ಮಳೆಯಲ್ಲೇ ಮುಂಗಾರಿನ ಹೆಸರು, ಸಜ್ಜೆ ಬರಬೇಕು, ಹಿಂಗಾರಿನ ಬಿಳಿಜೋಳ, ಕಡಲೆ ಬರಬೇಕು. ಮೃಗಶಿರಾ ಮಳೆ ತಪ್ಪಿದರೆ ಎದೆಯಲ್ಲಿ ಏನಾಗುತ್ತದೆ ಎಂಬುದನ್ನು ಅಲ್ಲಿಯ ರೈತನಿಗೆ ಯಾವ ಕೋಚೂ ಕಲಿಸಬೇಕಿಲ್ಲ. 2023ರ ಆಗಸ್ಟ್ ನೆನಪಿದೆಯೇ? 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಇನ್ನು ಕಾಲುವೆ ಇದ್ದವರಾದರೂ ನಿಶ್ಚಿಂತರೇ? 2024ರ ಆಗಸ್ಟ್ 10ರ ರಾತ್ರಿ ತುಂಬಿದ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋಯಿತು. ಬೆಳೆ ನಂಬಿ ಕುಳಿತ ರೈತರು ಒಂದು ವಾರ ಹೇಗೆ ಕಳೆದರೋ, ಅವರನ್ನೇ ಕೇಳಿ.

ಇದಕ್ಕೆಲ್ಲ ಹೆಸರು ಇಂಗ್ಲಿಷಿನಲ್ಲಿ ಬಂದ ಮೇಲೆಯೇ ನಮಗೆ ಕಾಣಬೇಕೇ?

ನಮ್ಮ ಜನರಿಗೆ ಮಾತು ಇದೆ

ಯಲಬುರ್ಗಾ, ಕುಷ್ಟಗಿ ಕಡೆಯ ತಾಯಿಯೊಬ್ಬಳು ವೈದ್ಯರ ಮುಂದೆ ಬಂದು ‘ನನಗೆ ಆತಂಕ’ ಎನ್ನುವುದಿಲ್ಲ. ‘ಎದಿ ಹಾರ್ತೈತಿ’ ಎನ್ನುತ್ತಾಳೆ. ‘ನಿದ್ದಿ ಹತ್ತವಲ್ದು’ ಎನ್ನುತ್ತಾಳೆ. ‘ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೇತಿ’ ಎನ್ನುತ್ತಾಳೆ. ಈ ಮಾತು ಅರ್ಥವಾಗದವನು ಆಕೆಯ ಎದೆಗೆ ಇಸಿಜಿ ಬರೆದುಕೊಡುತ್ತಾನೆ, ಹೊಟ್ಟೆಗೆ ಆಸಿಡಿಟಿ ಗುಳಿಗೆ ಕೊಡುತ್ತಾನೆ, ಕಳಿಸಿಬಿಡುತ್ತಾನೆ. ಕಾರಣ ಉಳಿದೇ ಹೋಗುತ್ತದೆ. ಮನಸ್ಸಿನ ವೈದ್ಯದಲ್ಲಿ ಭಾಷೆಯೇ ಸ್ಟೆತಾಸ್ಕೋಪ್, ಸ್ವಾಮಿ!

1876ರಲ್ಲಿ ಶುರುವಾದ ಮಹಾಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಸಂವತ್ಸರದ ಹೆಸರಿನಿಂದ ಕರೆದು ನೆನಪಿಟ್ಟರು. ಊರು ಬಿಟ್ಟು ದುಡಿಯಲು ಹೋಗುವ ಸಂಕಟಕ್ಕೆ ‘ಗುಳೆ’ ಎಂಬ ಎರಡಕ್ಷರ ಇದೆ. ಭಾದ್ರಪದದಲ್ಲಿ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಹೆಣ್ಣುಮಕ್ಕಳು ಮನೆಮನೆಗೆ ಹೋಗುತ್ತಾರಲ್ಲ, ಅದರ ಕಥೆ ಏನು? ಗಣಪ ಕಡುಬು ತಿಂದು ಹೋಗಿ ಭೂಲೋಕದಲ್ಲಿ ಎಲ್ಲ ಚೆನ್ನಾಗಿದೆ ಎಂದನಂತೆ. ಜೋಕುಮಾರ ಹೋಗಿ ನಿಜ ಹೇಳಿದನಂತೆ: ಮಳೆ ಇಲ್ಲ, ಜನ ಸಾಯುತ್ತಿದ್ದಾರೆ ಎಂದು. ಇದು ಚಿಕಿತ್ಸೆ ಅಲ್ಲ, ಇದರಿಂದ ಮಳೆಯೂ ಬರುವುದಿಲ್ಲ. ಆದರೆ ಭಯವನ್ನು ಊರೇ ಕೂಡಿ ಬಾಯಿಬಿಟ್ಟು ಹೇಳುವ ಪದ್ಧತಿ ಇದು. ಇಂದು ಪಾಶ್ಚಾತ್ಯರು ದುಡ್ಡು ಕೊಟ್ಟು ವೃತ್ತ ಕಟ್ಟಿ ಕುಳಿತು ಮಾಡುತ್ತಿರುವುದೂ ಬಹುಪಾಲು ಇದನ್ನೇ.

ಬಳ್ಳಾರಿ ಮರೆತಿರಾ?

ಹಳ್ಳಿಗೆ ಮನೋವೈದ್ಯ ಹೋಗುವುದು ಸಾಧ್ಯವೇ ಎಂದು ಕೇಳುವ ಜಾಣರಿಗೆ ಉತ್ತರ ನಮ್ಮ ನೆಲದಲ್ಲೇ ಇದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಕೊಪ್ಪಳದ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಔಷಧಿ ಒದಗಿಸಿ, ಮಾನಸಿಕ ಚಿಕಿತ್ಸೆಯನ್ನು ಜನರ ಹತ್ತಿರಕ್ಕೇ ಒಯ್ದಿತು. ಅದಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು. 1996ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆಂದು ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರ ಈ ಕನ್ನಡದ ಜಿಲ್ಲೆ! ದೇಶಕ್ಕೆ ಪಾಠ ಹೇಳಿದ ನಾವು ಇಂದು ಪರದೆಯ ಮೇಲಿನ ಕೋಚ್ ಮುಂದೆ ಶಿಷ್ಯರಾಗಿ ಕೂರಬೇಕೇ?

ಈ ‘ಕೋಚ್’ ಯಾರೆಂದು ಕೇಳಿದ್ದೀರಾ? ನಮ್ಮ ದೇಶದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಓದು ಬೇಕು, ನೋಂದಣಿ ಬೇಕು. ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಯಾವ ನೋಂದಣಿಯೂ ಬೇಕಿಲ್ಲ. ಅವರಲ್ಲಿ ಒಳ್ಳೆಯವರು ಇರಬಹುದು, ಇದ್ದಾರೆ. ಆದರೆ ನಿಜವಾದ ಖಿನ್ನತೆಯಲ್ಲಿ ಮುಳುಗುತ್ತಿರುವ ಹುಡುಗನಿಗೆ ಬೇಕಾದದ್ದು ವೈದ್ಯ. ಆ ಗೆರೆ ಗೊತ್ತಿಲ್ಲದ ಕೋಚ್ ಅಪಾಯ.

ಇನ್ನೊಂದು ಮೋಸವನ್ನೂ ಗಮನಿಸಿ. ಭಯವನ್ನು ನಿಮ್ಮೊಬ್ಬರ ತಲೆಯೊಳಗಿನ ತೊಂದರೆ ಎಂದು ಹೇಳಿಬಿಟ್ಟರೆ ಯಾರಿಗೆ ಲಾಭ? ಉಸಿರಾಟ ಸರಿಪಡಿಸಿಕೊಂಡರೆ ಸಾಕು, ಕೆರೆ ಯಾರು ನುಂಗಿದರು ಎಂದು ಕೇಳಬೇಕಿಲ್ಲ! 2023ರ ಬರಕ್ಕೆ ಕರ್ನಾಟಕ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲಿನಲ್ಲಿ ಬಂದದ್ದು 3,454 ಕೋಟಿ. ಅದಕ್ಕೂ ಮುನ್ನ ರಾಜ್ಯ ಸರ್ಕಾರ ರೈತನ ಕೈಗಿಟ್ಟ ಮೊದಲ ಕಂತು ಗರಿಷ್ಠ 2,000 ರೂಪಾಯಿ! ಬಿತ್ತನೆ ಬೀಜದ ಸಾಲ ಎದೆಯ ಮೇಲೆ ಕುಳಿತಿರುವಾಗ ‘ಧನಾತ್ಮಕವಾಗಿ ಯೋಚಿಸಿ’ ಎಂದು ಯಾರ ಮುಂದೆ ಹೇಳುತ್ತೀರಿ? ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕ ನೋಡಿ: 2022ರ ಒಂದೇ ವರ್ಷದಲ್ಲಿ ಕರ್ನಾಟಕದ 2,392 ರೈತರು ಮತ್ತು ಕೃಷಿ ಕಾರ್ಮಿಕರು ತಮ್ಮ ಜೀವ ತಾವೇ ತೆಗೆದುಕೊಂಡರು. ಎಲ್ಲಕ್ಕೂ ಮಳೆಯೇ ಕಾರಣವಲ್ಲ. ಸಾಲ, ಬೆಲೆ, ಮನೆಯ ಕಷ್ಟ ಎಲ್ಲ ಇವೆ. ಆದರೆ ಅವರ ಎದೆ ಹಾರುತ್ತಿದ್ದಾಗ ಅವರ ಮಾತಿನಲ್ಲಿ ‘ಏನಾತಪ್ಪಾ’ ಎಂದು ಕೇಳುವವರು ಎಷ್ಟು ಜನರಿಗೆ ಇದ್ದರು?

ಪರಿಹಾರವೂ ಬೇಕು, ಆಪ್ತ ಸಲಹೆಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯಲು ಬಿಡಬೇಡಿ.

ನಮ್ಮ ಹಕ್ಕು ಏನು?

2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನು ಓದಿ. ಚಿಕಿತ್ಸೆಯ ಬಗ್ಗೆ ನಿರ್ಧಾರ ಮಾಡಬೇಕಾದ ವ್ಯಕ್ತಿಗೆ ಅವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ವಿಷಯ ತಿಳಿಸಬೇಕು ಎಂದು ಕಾನೂನೇ ಹೇಳುತ್ತದೆ. ಕನ್ನಡ ಯಾರೂ ಹಾಕುವ ಭಿಕ್ಷೆಯಲ್ಲ! 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಈ ಸಂಖ್ಯೆ ನಿಮ್ಮ ಕಾಲೇಜಿನ ಗೋಡೆಯ ಮೇಲೆ ಇದೆಯೇ? ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಇದೆಯೇ? ಇಲ್ಲವಾದರೆ ನಾಳೆಯೇ ಬರೆಯಿರಿ.

ಮತ್ತೆ ಈ ಬೇಡಿಕೆಗಳನ್ನು ಎತ್ತಿ:

ಒಂದು, ಬರಪೀಡಿತ ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವಾರಕ್ಕೊಂದು ದಿನವಾದರೂ ಆಪ್ತ ಸಲಹೆ ಸಿಗಬೇಕು, ಅದು ಆ ಸೀಮೆಯ ಕನ್ನಡದಲ್ಲಿ ಸಿಗಬೇಕು.

ಎರಡು, ಬಳ್ಳಾರಿಯಲ್ಲಿ ಮಾಡಿದಂತೆ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಬೇಕು, ಮಾಡುವ ಕೆಲಸಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು.

ಮೂರು, ಬರ ಘೋಷಣೆಯಾದ ದಿನವೇ ಮೇವು, ಕುಡಿಯುವ ನೀರಿನ ಜೊತೆಗೆ ಮನಸ್ಸಿನ ಆರೈಕೆಯೂ ಸರ್ಕಾರದ ಪಟ್ಟಿಯಲ್ಲಿ ಇರಬೇಕು.

ನಾಲ್ಕು, ಮನಶ್ಶಾಸ್ತ್ರ ಓದುವ ಪ್ರತಿ ವಿದ್ಯಾರ್ಥಿಯೂ ಕರ್ನಾಟಕದಲ್ಲಿ ಕನ್ನಡದಲ್ಲೇ ರೋಗಿಯ ಮಾತು ಕೇಳುವುದನ್ನು ಕಲಿಯಬೇಕು.

ಇನ್ನು ನಿಮ್ಮ ಭಯಕ್ಕೆ ಬರೋಣ. ಅದನ್ನು ಒಳಗೆ ಅದುಮಿಡಬೇಡಿ. ಗೆಳೆಯರ ಮುಂದೆ ನಿಮ್ಮ ಭಾಷೆಯಲ್ಲಿ ಹೇಳಿ. ಊರಿಗೆ ಫೋನ್ ಮಾಡಿ ‘ಮಳಿ ಹ್ಯಾಂಗೈತಿ’ ಎಂದು ಕೇಳಿ. ಅದು ಬರೀ ಉಭಯಕುಶಲೋಪರಿಯಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಗಾರೆ ಕೆಲಸಕ್ಕೆ ಗುಳೆ ಬಂದ ಕೊಪ್ಪಳದ ಮನುಷ್ಯನನ್ನು ಮಾತಾಡಿಸಿ; ಹವಾಮಾನದ ಬಗ್ಗೆ ಅವನಿಗೆ ನಿಮ್ಮ ಕೋಚ್‌ಗಿಂತ ಹೆಚ್ಚು ಗೊತ್ತು. ಮತ್ತು ಕೈ ಕೆಲಸಕ್ಕೆ ಇಳಿಯಿರಿ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹಿರೇಹಳ್ಳಕ್ಕೆ ಇಳಿದರು. ಹೂಳು, ಮುಳ್ಳುಕಂಟಿ ತೆಗೆದರು. ಹೆದರಿ ಕುಳಿತಿದ್ದರೆ ಹಳ್ಳ ಹರಿಯುತ್ತಿತ್ತೇ? ಒಬ್ಬನೇ ಹೊತ್ತರೆ ಮುರಿಯುವ ಭಾರ, ಹತ್ತು ಜನ ಹೊತ್ತರೆ ಕೆಲಸ ಆಗುತ್ತದೆ.

1982ರ ಗೋಕಾಕ್ ಚಳವಳಿಯಲ್ಲಿ ನಿಮ್ಮ ಅಪ್ಪ, ಅಜ್ಜಂದಿರು ಶಾಲೆಯಲ್ಲಿ ಕನ್ನಡ ಕೇಳಿ ಬೀದಿಗೆ ಬಂದರು. ಆಸ್ಪತ್ರೆಯಲ್ಲಿ ಕನ್ನಡ ಕೇಳುವ ಸರದಿ ನಿಮ್ಮದು. ಬೇವೂರಿನ ತಾಯಿ ‘ಎದಿ ಹಾರ್ತೈತಿ’ ಎಂದಾಗ ಅದೇ ಭಾಷೆಯಲ್ಲಿ ಉತ್ತರ ಸಿಗುವ ತನಕ ಸುಮ್ಮನೆ ಕೂರಬೇಡಿ.

ಏಳಿ, ಕೇಳಿ, ಕನ್ನಡದಲ್ಲೇ ಕೇಳಿ!