ಮರಸು ಕೂರುವ ಮುನ್ನ

ನಮ್ಮ ಹಿರಿಯರ ಬಾಯಲ್ಲಿ 'ಮರಸು' ಎಂಬುದು ಬೇಟೆಯ ಮಾತು. ನೀರಿಗೋ ಹಣ್ಣಿಗೋ ಬರುವ ಪ್ರಾಣಿಗಾಗಿ ಕೋವಿ ಹಿಡಿದು ಸೊಪ್ಪಿನ ಮರೆಯಲ್ಲಿ ಕಾದು ಕೂರುವುದನ್ನು ಮರಸು ಕೂರುವುದು ಎನ್ನುತ್ತಿದ್ದರು. ಈಗ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದಿದೆ. ಮಲೆನಾಡಿನ ಹೋಮ್‌ಸ್ಟೇಗಳ ಜಾಹೀರಾತುಗಳಲ್ಲಿ 'ಬರ್ಡ್ ಹೈಡ್ ಸೌಲಭ್ಯವಿದೆ' ಎಂಬ ಸಾಲು ಕಾಣಿಸಿಕೊಳ್ಳುತ್ತಿದೆ. ನಮ್ಮೂರಿನ ಕಾಲೇಜು ಹುಡುಗ ಹುಡುಗಿಯರೂ ರಜೆಯಲ್ಲಿ ದೂರದ ಲೆನ್ಸ್ ಹೊತ್ತು ತೋಟ ಸುತ್ತುತ್ತಿದ್ದಾರೆ. ಕೊಲ್ಲುವ ಆಸೆ ನೋಡುವ ಆಸೆಯಾಗಿ ಬದಲಾದದ್ದು ಸಂತೋಷದ ಸಂಗತಿ. ಆದರೆ ಕೈಯಲ್ಲಿರುವ ವಸ್ತು ಬದಲಾದ ಮಾತ್ರಕ್ಕೆ ಬೇಟೆ ನಿಂತಿತೆಂದು ತಿಳಿಯುವಂತಿಲ್ಲ. ಮರೆಯನ್ನು ಎಲ್ಲಿ ಕಟ್ಟಿಕೊಳ್ಳುತ್ತೇವೆ ಎಂಬುದನ್ನು ಅದು ಅವಲಂಬಿಸಿದೆ.

ಈ ವಿಷಯದಲ್ಲಿ ಬೋಧನೆ ಮಾಡುವ ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದಿನ ಮಾರ್ಚ್ ತಿಂಗಳು. ಮನೆಯ ಹಿಂದಿನ ಕಾಫಿ ಗಿಡವೊಂದರಲ್ಲಿ ಕೆಮ್ಮೀಸೆ ಪಿಕಳಾರ ಗೂಡು ಕಟ್ಟಿ ಎರಡು ಮರಿ ಮಾಡಿತ್ತು. ಹಳೆಯ ಹೊದಿಕೆಯನ್ನು ನಾಲ್ಕು ಕೋಲುಗಳಿಗೆ ಸುತ್ತಿ, ಹತ್ತು ಅಡಿ ದೂರದಲ್ಲಿ ಮರೆ ಮಾಡಿಕೊಂಡು ಕುಳಿತೆ. ಗೂಡಿಗೆ ಎರಡು ರೆಂಬೆಗಳು ಅಡ್ಡ ಬರುತ್ತಿದ್ದವು. ಅವನ್ನು ಬಾಳೆನಾರಿನಿಂದ ಹಿಂದಕ್ಕೆಳೆದು ಕಟ್ಟಿದೆ. ತಾಯಿ ತಂದೆ ಹಕ್ಕಿಗಳು ಹುಳು ಕಚ್ಚಿಕೊಂಡು ಬಂದು, ಪಕ್ಕದ ಸಿಲ್ವರ್ ಮರದ ಮೇಲೆ ಕುಳಿತು, ಬಹಳ ಹೊತ್ತು ಕೂಗಿ, ಕೊನೆಗೆ ಇಳಿದು ಬರುತ್ತಿದ್ದವು. ಅವು ನನಗೆ ಹೊಂದಿಕೊಂಡವೆಂದೇ ನಾನು ತಿಳಿದೆ. ಒಳ್ಳೆಯ ಚಿತ್ರಗಳು ಸಿಕ್ಕವು. ಸಂಜೆ ರೆಂಬೆ ಬಿಚ್ಚುವುದು ಮರೆತುಹೋಯಿತು. ಮರುದಿನ ಬೆಳಿಗ್ಗೆ ಗೂಡು ಒಂದು ಬದಿಗೆ ವಾಲಿ ಬರಿದಾಗಿತ್ತು. ಬೇಲಿಯ ಪೊದೆಯಲ್ಲಿ ಕೆಂಬೂತವೊಂದು ಓಡಾಡುತ್ತಿತ್ತು.

"ನಿಂಗೆ ಮರೆ ಬೇಕು ಅಂತ ಅದರ ಮರೆ ತೆಗೆದ್ಯಲ್ಲ" ಎಂದರು ಅಮ್ಮ. ಕೆಂಬೂತ ತನ್ನ ಹೊಟ್ಟೆಪಾಡನ್ನು ನೋಡಿಕೊಂಡಿತ್ತು. ದಾರಿ ತೋರಿಸಿಕೊಟ್ಟದ್ದು ನಾನು. ಆ ಚಿತ್ರಗಳನ್ನು ಇಂದಿಗೂ ಯಾರಿಗೂ ತೋರಿಸಿಲ್ಲ.

ಗೂಡಿನ ಚಿತ್ರ ತೆಗೆಯುವ ಪರಿಪಾಠ ಬೆಳೆದುಬಂದುದಕ್ಕೆ ಒಂದು ಕಾರಣವಿದೆ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸೋದರರು 1895ರಲ್ಲಿ ಹಕ್ಕಿಗೂಡುಗಳ ಛಾಯಾಚಿತ್ರಗಳ ಪುಸ್ತಕವನ್ನೇ ತಂದರು. 1900ರ ಸುಮಾರಿಗೆ ಎತ್ತಿನ ಚರ್ಮವನ್ನು ಚೌಕಟ್ಟಿನ ಮೇಲೆ ಹೊದಿಸಿ, ಆ ಪೊಳ್ಳು ಎತ್ತಿನೊಳಗೆ ಕ್ಯಾಮೆರಾ ಸಮೇತ ಅಡಗಿ ಕುಳಿತರು. ದನವನ್ನು ಕಂಡರೆ ಹಕ್ಕಿ ಬೆದರುವುದಿಲ್ಲವೆಂಬುದು ಎಮ್ಮೆಯ ಬೆನ್ನ ಮೇಲಿನ ಬೆಳ್ಳಕ್ಕಿಯನ್ನು ಕಂಡ ನಮಗೆ ಹೊಸದಲ್ಲ. ಅಂದಿನ ಕ್ಯಾಮೆರಾಗಳು ಭಾರವಾಗಿದ್ದವು, ಗಾಜಿನ ಫಲಕಗಳು ಬೆಳಕನ್ನು ನಿಧಾನವಾಗಿ ಹೀರುತ್ತಿದ್ದವು, ದೂರವನ್ನು ಹತ್ತಿರಕ್ಕೆ ತರುವ ಲೆನ್ಸ್‌ಗಳು ಕೈಗೆಟಕುತ್ತಿರಲಿಲ್ಲ. ಹಕ್ಕಿ ಖಚಿತವಾಗಿ ಮರಳಿ ಬರುವ ಸ್ಥಳವೆಂದರೆ ಗೂಡು ಮಾತ್ರ. ಇಂದು 400, 600 ಮಿಲಿಮೀಟರಿನ ಲೆನ್ಸ್ ಹಿಡಿದವರಿಗೆ ಆ ನೆಪವಿಲ್ಲ. ಅಗತ್ಯ ಕಳೆದುಹೋಗಿದೆ, ಅಭ್ಯಾಸ ಉಳಿದುಬಿಟ್ಟಿದೆ.

ಗೂಡಿನೆದುರಿನ ಮರಸಿಗೂ ಬೇರೆಡೆಯ ಮರಸಿಗೂ ಇರುವ ಮುಖ್ಯ ವ್ಯತ್ಯಾಸ ಇಷ್ಟೇ: ನೀರಿನ ಬಳಿ, ಹಣ್ಣಿನ ಮರದ ಬಳಿ ನಮ್ಮನ್ನು ಇಷ್ಟಪಡದ ಹಕ್ಕಿ ಹಾರಿಹೋಗಬಲ್ಲದು. ಗೂಡಿನಲ್ಲಿ ಮರಿಯಿರುವ ಹಕ್ಕಿಗೆ ಆ ಸ್ವಾತಂತ್ರ್ಯವಿಲ್ಲ. ನಮ್ಮ ಕಾಡಿನ ಮಂಗಟ್ಟೆ ಹಕ್ಕಿಯನ್ನೇ ನೋಡಿ. ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ಹಿಕ್ಕೆ ಮುಂತಾದವುಗಳಿಂದ ಮೆತ್ತಿ ಮುಚ್ಚಿ, ಸಣ್ಣ ಸೀಳೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಅದರ ಮತ್ತು ಮರಿಗಳ ಅನ್ನ ಗಂಡು ತರುವ ಹಣ್ಣುಗಳ ಮೇಲೆ ನಿಂತಿರುತ್ತದೆ. ಮರದಡಿಯಲ್ಲಿ ಮನುಷ್ಯರ ಗುಂಪನ್ನು ಕಂಡು ಗಂಡು ಹಕ್ಕಿ ಹಿಂಜರಿದಷ್ಟೂ ಒಳಗಿರುವ ಸಂಸಾರ ಹಸಿದಿರಬೇಕು. ಅಂಥ ಮರದ ಗುರುತನ್ನು ಮೊಬೈಲಿನಲ್ಲಿ ಹಂಚಿಕೊಳ್ಳುವುದು, ಅತಿಥಿಗಳನ್ನು ಸರದಿಯಲ್ಲಿ ಕರೆದೊಯ್ದು ಹಣ ಪಡೆಯುವುದು ಯಾವ ದೃಷ್ಟಿಯಿಂದಲೂ ಪರಿಸರ ಪ್ರವಾಸೋದ್ಯಮವಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯು 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿದೆಯೆಂಬುದನ್ನು ನಮ್ಮಲ್ಲಿ ಬಹಳ ಮಂದಿ ಅರಿತಿಲ್ಲ.

ಹಾಗಾದರೆ ಮರಸು ಕೂರುವುದೇ ಬೇಡವೆ? ಖಂಡಿತ ಕೂರಬೇಕು. ಹಕ್ಕಿ ತನ್ನ ಕೆಲಸಕ್ಕೆ ತಾನಾಗಿ ಬರುವೆಡೆ ಕೂರಬೇಕು. ಮಲೆನಾಡಿನಲ್ಲಿ ಅಂಥ ಎಡೆಗಳಿಗೆ ಬರವಿಲ್ಲ. ಚಳಿಗಾಲದ ಕೊನೆಗೆ ಹೂ ಬಿಡುವ ಹಾಲುವಾಣ ಮತ್ತು ಬೂರುಗದ ಮರಗಳಿಗೆ ಸೂರಕ್ಕಿ, ಕಾಜಾಣ, ಮೈನಾಗಳು ಮುತ್ತಿಕೊಳ್ಳುತ್ತವೆ. ಹಣ್ಣಾದ ಅತ್ತಿ, ಬಸರಿ, ಗೋಣಿ ಮರಗಳಿಗೆ ಕುಟ್ರುಹಕ್ಕಿಯೂ ಹಸಿರು ಪಾರಿವಾಳವೂ ಮಂಗಟ್ಟೆಯೂ ಬರುತ್ತವೆ. ಬೇಸಿಗೆಯಲ್ಲಿ ಹಳ್ಳದ ಗುಂಡಿಯೊಂದು ಸಾಕು.

ಕೃಷಿಕರಿಗೆ ಇನ್ನೊಂದು ಜಾಗವನ್ನು ಸೂಚಿಸಬಯಸುತ್ತೇನೆ. ದ್ವಿದಳ ಧಾನ್ಯದ ಹೊಲಗಳಲ್ಲಿ ಕಾಯಿಕೊರಕ ಹುಳುವಿನ ಹತೋಟಿಗಾಗಿ, ಹಕ್ಕಿ ಕೂರಲು ಅಡ್ಡಪಟ್ಟಿಯ ಕೋಲುಗಳನ್ನು ನೆಡಿ ಎಂಬುದು ಕೃಷಿ ವಿಜ್ಞಾನದ ಹಳೆಯ ಶಿಫಾರಸು. ಭತ್ತದ ಕೊಯ್ಲಿನ ಬಳಿಕ ಗದ್ದೆಯಲ್ಲಿ ಉದ್ದು, ಅಲಸಂದೆ ಹಾಕುವವರು ಇದನ್ನು ಮಾಡಿ ನೋಡಬಹುದು. ಆ ಕೋಲಿನಿಂದ ಮೂವತ್ತು ಅಡಿ ದೂರದಲ್ಲಿ ಮರೆ ಕಟ್ಟಿ ಒಂದು ಬೆಳಗು ಕುಳಿತರೆ ಕಾಜಾಣ ಎಷ್ಟು ಸಲ ಹಾರಿತು, ಏನು ಹಿಡಿದು ತಂದಿತು ಎಂಬ ಲೆಕ್ಕವೂ ಚಿತ್ರವೂ ಒಟ್ಟಿಗೆ ದೊರೆಯುತ್ತವೆ. ಕೀಟನಾಶಕದ ಡಬ್ಬಿಗೆ ಕೈ ಹಾಕುವ ಮುನ್ನ ಆ ಲೆಕ್ಕವನ್ನು ಒಮ್ಮೆ ನೋಡಿದರೆ ಒಳಿತು.

ಇನ್ನು ಮರೆ ಕಟ್ಟುವ ಬಗೆ. ಹಂದಿ ಕಾಯಲು ಗದ್ದೆಯಂಚಿನಲ್ಲಿ ಮಾಳ ಕಟ್ಟಿದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಾಲ್ಕಡಿ ಚೌಕ, ಐದಡಿ ಎತ್ತರ ಒಬ್ಬರಿಗೆ ಸಾಕು. ಅಡಿಕೆ ದಬ್ಬೆಯ ಚೌಕಟ್ಟಿಗೆ ಒಣ ಸೋಗೆಯನ್ನೋ ಗೋಣಿತಾಟನ್ನೋ ಕಟ್ಟಿ. ಹಸಿ ಸೊಪ್ಪನ್ನು ಕಡಿಯಬೇಡಿ. ಅದು ಎರಡೇ ದಿನಕ್ಕೆ ಬಾಡಿ ಬಣ್ಣ ಬದಲಿಸುತ್ತದೆ. ಗಾಳಿಗೆ ಪಟಪಟನೆ ಬಡಿಯುವ ಪ್ಲಾಸ್ಟಿಕ್ ಹಾಳೆಯೂ ಬೇಡ. ಬೆಳಗಿನ ಬಿಸಿಲು ಬೆನ್ನಿಗೆ ಬರುವಂತೆ ಮರೆಯನ್ನು ಪೂರ್ವಕ್ಕಿರಿಸಿ. ಮೊದಲು ದೂರದಲ್ಲಿಟ್ಟು, ದಿನಕ್ಕಿಷ್ಟರಂತೆ ಹತ್ತಿರಕ್ಕೆ ಸರಿಸುತ್ತ ಬಂದರೆ ಹಕ್ಕಿಗಳು ಅದನ್ನು ಬಣವೆಯಂತೆ ಒಪ್ಪಿಕೊಳ್ಳುತ್ತವೆ. ಹೊತ್ತು ಮೂಡುವ ಮುನ್ನ ಒಳಸೇರಿ. ತಡವಾದರೆ ಇಬ್ಬರು ಹೋಗಿ ಒಬ್ಬರು ಹೊರಬನ್ನಿ. ಆ ಒಬ್ಬರು ಹೊರಟುಹೋದದ್ದನ್ನು ಕಂಡು ಹೆಚ್ಚಿನ ಹಕ್ಕಿಗಳು ನಿಶ್ಚಿಂತವಾಗುತ್ತವೆ. ಇದೆಲ್ಲ ನಿಮ್ಮ ತೋಟ, ಗದ್ದೆಗಳಲ್ಲಿ ಮಾತ್ರ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಏನನ್ನೂ ಕಟ್ಟುವಂತಿಲ್ಲ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ದರಗಿನ ಮೇಲೆ ಕೂರುವವರು ಉಣುಗುಗಳನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಮರೆಯೊಳಗಿನ ದರಗನ್ನು ಗುಡಿಸಿ, ಸ್ಟೂಲಿನ ಮೇಲೆ ಕುಳಿತು, ಮೈ ತುಂಬ ಬಟ್ಟೆ ತೊಟ್ಟು, ಉಣುಗು ನಿವಾರಕ ತೈಲ ಹಚ್ಚಿಕೊಳ್ಳಿ. ಮಂಗ ಸತ್ತ ಸುದ್ದಿಯಿರುವ ಕಡೆ ಸುಳಿಯಲೇ ಬೇಡಿ.

ನೀರಿನ ತೊಟ್ಟಿಯಿಟ್ಟು ಹಕ್ಕಿಗಳನ್ನು ಕರೆಯುವ ಪದ್ಧತಿಯ ಬಗ್ಗೆಯೂ ಕೇಳುವವರಿದ್ದಾರೆ. ಉತ್ತರ ಕನ್ನಡದ ಗಣೇಶಗುಡಿ ಇಂಥ ತೊಟ್ಟಿಗಳಿಂದಲೇ ಛಾಯಾಗ್ರಾಹಕರಲ್ಲಿ ಹೆಸರಾಗಿದೆ. ಗೂಡಿನೆದುರು ಕೂರುವುದಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು. ಊರಿಗೂ ನಾಲ್ಕು ಕಾಸಿನ ಆದಾಯವಾಗುತ್ತದೆ. ನನ್ನ ಆಕ್ಷೇಪ ಇರುವುದು ತೊಳೆಯದ ತೊಟ್ಟಿಯ ಬಗ್ಗೆ. ಒಂದೇ ಬಾನಿಯಲ್ಲಿ ನೀರು ಕುಡಿಯುವ ದನಗಳಿಗೆ ರೋಗ ಹೇಗೆ ಹರಡುವುದೆಂದು ಕೊಟ್ಟಿಗೆಯಿದ್ದವರೆಲ್ಲ ಬಲ್ಲರು. ಹಕ್ಕಿಗಳಿಗೂ ಅದೇ ನಿಯಮ. ದಿನವೂ ನೀರು ಬದಲಿಸಿ, ತೊಟ್ಟಿಯನ್ನು ಉಜ್ಜಿ ತೊಳೆಯಲಾಗದಿದ್ದರೆ ಇಡದಿರುವುದೇ ಲೇಸು. ಬೋರ್ಡೋ ಸಿಂಪಡಿಸಿದ ಅಡಿಕೆ ಮರದಡಿಯಂತೂ ಇಡಲೇಬಾರದು. ತಾಮ್ರದ ಹನಿ ನೇರ ನೀರಿಗೆ ಬೀಳುತ್ತದೆ. ಹುಳು, ಅನ್ನ, ಬಾಳೆಹಣ್ಣು ಸುರಿದು ಹಕ್ಕಿಯನ್ನು ಒಂದೇ ಜಾಗಕ್ಕೆ ಕಟ್ಟಿಹಾಕುವುದನ್ನು ನಾನು ಒಪ್ಪಲಾರೆ. ಹಾಗೆ ಸುರಿದ ಕಡೆ ನೆರೆಯುವುದು ಹಕ್ಕಿಗಳಷ್ಟೇ ಅಲ್ಲ, ಊರಿನ ಬೆಕ್ಕುಗಳೂ ನೆರೆಯುತ್ತವೆ.

ಹೋಮ್‌ಸ್ಟೇ ನಡೆಸುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಅತಿಥಿಗಳು ಗೂಡು ತೋರಿಸಿ ಎಂದು ಕೇಳಿದಾಗ, ಇಲ್ಲ ಎನ್ನುವ ಧೈರ್ಯ ಮಾಡಿ. ಒಬ್ಬರು ಇಲ್ಲವೆಂದರೆ ಅವರು ಪಕ್ಕದ ಊರಿಗೆ ಹೋಗುತ್ತಾರೆಂಬ ಭಯ ನಿಜ. ಆದ್ದರಿಂದಲೇ ಇದು ಒಬ್ಬರ ನಿರ್ಧಾರವಾಗದೆ ಊರೂರಿನ ಒಡಂಬಡಿಕೆಯಾಗಬೇಕು. ನಮ್ಮ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ಇಡಬೇಕೆಂದು ಕೋರುತ್ತೇನೆ. ವಿದ್ಯಾರ್ಥಿ ಮಿತ್ರರೇ, ಗೂಡೊಂದು ಅಕಸ್ಮಾತ್ ಕಣ್ಣಿಗೆ ಬಿದ್ದರೆ ದೂರದಿಂದಲೇ ನೋಡಿ ಹಿಂದಿರುಗಿ. ದಿನಾಂಕವನ್ನೂ ಗಿಡದ ಹೆಸರನ್ನೂ ಬರೆದಿಟ್ಟುಕೊಳ್ಳಿ, ಜಾಗವನ್ನು ಯಾರಿಗೂ ಹೇಳಬೇಡಿ. ಮರಿಗಳು ಹಾರಿಹೋದ ಮೇಲೆ ಅದೇ ಪಿಕಳಾರಗಳು ಬೇಲಿಯ ಹಣ್ಣಿಗೆ ಸಂಸಾರ ಸಮೇತ ಬರುತ್ತವೆ. ಸೋಗೆಯ ಮರೆಯಲ್ಲಿ ಕುಳಿತು ಆಗ ತೆಗೆದ ಚಿತ್ರವನ್ನು ಯಾರೆದುರಿಗೂ ಧೈರ್ಯವಾಗಿ ತೋರಿಸಬಹುದು.