ಹಳ್ಳಿಯವರಿಗೆ ಮಕ್ಕಳು ಜಾಸ್ತಿ ಎಂಬ ಮಾತು ಎಷ್ಟು ನಿಜ?

ಜನಸಂಖ್ಯೆಯ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯ ತಪ್ಪದೆ ಕೇಳಿಬರುತ್ತದೆ. ಓದಿದವರು ಒಂದೋ ಎರಡೋ ಮಕ್ಕಳಿಗೆ ಸಾಕು ಮಾಡುತ್ತಾರೆ, ಹಳ್ಳಿಯ ಬಡವರು ಮಾತ್ರ ತಿಳಿವಳಿಕೆಯಿಲ್ಲದೆ ಹೆರುತ್ತಲೇ ಹೋಗುತ್ತಾರೆ, ಅದಕ್ಕೇ ದೇಶ ಹೀಗಿದೆ ಎಂಬ ಅಭಿಪ್ರಾಯ ಅದು. ಬಸ್ಸಿನಲ್ಲಿ, ಟಿವಿ ಚರ್ಚೆಯಲ್ಲಿ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇವೆಂದರೆ, ನಿಜವೇ ಎಂದು ಯಾರೂ ಕೇಳುವುದೇ ಇಲ್ಲ.

ಆದರೆ ಈ ವಿಷಯವನ್ನು ನಮ್ಮದೇ ನಾಡಿನ ಹಳ್ಳಿಗಳಲ್ಲಿ ಎಪ್ಪತ್ತು ವರ್ಷಗಳಿಂದ ಅಧ್ಯಯನ ಮಾಡಲಾಗಿದೆ. ಆ ಅಧ್ಯಯನಗಳು ಹೇಳುವುದೇ ಬೇರೆ.

ಮೊದಲು ಲೆಕ್ಕ ನೋಡೋಣ

ಈಗಿನ ಪರಿಸ್ಥಿತಿಯೇ ಮುಂದುವರಿದರೆ ಒಬ್ಬ ಮಹಿಳೆಗೆ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳಾಗಬಹುದು ಎಂಬ ಅಂದಾಜಿಗೆ ‘ಒಟ್ಟು ಫಲವಂತಿಕೆ ದರ’ ಎನ್ನುತ್ತಾರೆ. ಈ ದರ ಸುಮಾರು 2.1 ಇದ್ದರೆ ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬುತ್ತದೆ. ತಂದೆ ತಾಯಿ ಇಬ್ಬರ ಬದಲಿಗೆ ಇಬ್ಬರು ಸಾಕಲ್ಲ, 2.1 ಏಕೆ? ಹುಟ್ಟುವ ಶಿಶುಗಳಲ್ಲಿ ಗಂಡು ಸ್ವಲ್ಪ ಹೆಚ್ಚಿರುತ್ತವೆ, ಎಲ್ಲ ಹೆಣ್ಣುಮಕ್ಕಳೂ ತಾಯಿಯಾಗುವ ವಯಸ್ಸಿನವರೆಗೆ ಬದುಕುವುದಿಲ್ಲ. ಆ ಕೊರತೆಯನ್ನು ತುಂಬಲು ಆ 0.1.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತು ನಡೆದಿದ್ದು 1992-93ರಲ್ಲಿ. ಆಗ ಭಾರತದ ಹಳ್ಳಿಗಳಲ್ಲಿ ಈ ದರ 3.7 ಇತ್ತು. ಐದನೇ ಸುತ್ತು 2019-21ರಲ್ಲಿ ದೇಶದ 6 ಲಕ್ಷ 36 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ನಡೆಯಿತು. ಅಷ್ಟರಲ್ಲಿ ಹಳ್ಳಿಗಳ ದರ 2.1ಕ್ಕೆ ಇಳಿದಿತ್ತು. ಹಳ್ಳಿ ನಗರಗಳನ್ನು ಸೇರಿಸಿದರೆ ದೇಶದ ದರ 2.0, ಕರ್ನಾಟಕದ್ದು 1.7.

ಹಾಗಿದ್ದರೂ ಜನಸಂಖ್ಯೆ ಏಕೆ ಏರುತ್ತಿದೆ? ಹಿಂದಿನ ದಶಕಗಳಲ್ಲಿ ಹೆಚ್ಚು ಮಕ್ಕಳು ಹುಟ್ಟಿದ್ದರು, ಅವರೇ ಇಂದಿನ ಯುವ ದಂಪತಿಗಳು. ಒಬ್ಬೊಬ್ಬರಿಗೆ ಎರಡೇ ಮಕ್ಕಳಾದರೂ ತಂದೆ ತಾಯಿಯರ ಸಂಖ್ಯೆಯೇ ದೊಡ್ಡದಿರುವುದರಿಂದ ಒಟ್ಟು ಹೆರಿಗೆಗಳು ಸಾವುಗಳಿಗಿಂತ ಹೆಚ್ಚಾಗಿರುತ್ತವೆ. ಓಡುತ್ತಿರುವ ಬಸ್ಸಿಗೆ ಬ್ರೇಕ್ ಹಾಕಿದ ಮೇಲೂ ಅದು ಸ್ವಲ್ಪ ದೂರ ಸಾಗುವುದಿಲ್ಲವೇ, ಹಾಗೆ. ಬ್ರೇಕ್ ಬಿದ್ದು ಬಹಳ ವರ್ಷಗಳಾದವು, ಹಳ್ಳಿಗಳಲ್ಲಿ ಕೂಡ.

ತಿಳಿಸಿ ಹೇಳಿದ್ದರಿಂದ ಬದಲಾಯಿತೇ?

‘ಸರ್ಕಾರ ತಿಳಿವಳಿಕೆ ಕೊಟ್ಟಿತು, ಜನ ಕೇಳಿದರು’ ಎಂಬುದು ಸುಲಭದ ಉತ್ತರ. ಆದರೆ ತಿಳಿವಳಿಕೆ ಕೊಡುವ ಕೆಲಸ ನಮ್ಮಲ್ಲಿ ಬಹಳ ಹಿಂದೆಯೇ ಶುರುವಾಗಿತ್ತು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಅನುಮತಿ ಕೊಟ್ಟಿತ್ತು. 1950ರ ದಶಕದ ಮೊದಲಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಮುಟ್ಟಿನ ದಿನಗಳನ್ನು ಎಣಿಸಿ ‘ಸುರಕ್ಷಿತ’ ದಿನ ಯಾವುದು ಎಂದು ತಿಳಿಯಲು ಮಹಿಳೆಯರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು. ದಿನಕ್ಕೊಂದು ಮಣಿ ಸರಿಸಬೇಕು. ನಿರೀಕ್ಷಿಸಿದ ಫಲ ಸಿಗಲಿಲ್ಲ. ಎಣಿಕೆ ಕಲಿಸಬಹುದು, ಆದರೆ ಮನೆಯಲ್ಲಿ ‘ಇವತ್ತು ಬೇಡ’ ಎನ್ನುವ ಅಧಿಕಾರವನ್ನು ಮಣಿ ಸರ ಕೊಡುವುದಿಲ್ಲವಲ್ಲ.

ಅದೇ ಹೊತ್ತಿಗೆ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ‘ಮೈಸೂರು ಜನಸಂಖ್ಯಾ ಅಧ್ಯಯನ’ ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಬೆಂಗಳೂರು ನಗರದ ಜೊತೆಗೆ ಸಂಸ್ಥಾನದ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಮದುವೆ, ಹೆರಿಗೆ, ಸಾವುಗಳ ವಿವರ ಕೇಳಲಾಯಿತು. ಆ ಕಾಲದಲ್ಲೂ, ಈಗಾಗಲೇ ಹಲವು ಮಕ್ಕಳಿದ್ದ ದಂಪತಿಗಳಲ್ಲಿ ಅನೇಕರು ಇನ್ನು ಸಾಕು ಎನ್ನುತ್ತಿದ್ದರು. ಅಂದರೆ ಕೊರತೆ ಇದ್ದದ್ದು ಆಸೆಯಲ್ಲಲ್ಲ, ದಾರಿಯಲ್ಲಿ.

ಒಂಬತ್ತು ಹಳ್ಳಿಗಳು ಹೇಳಿದ್ದು

ಎಷ್ಟು ಮಕ್ಕಳು ಎಂಬುದನ್ನು ದೊಡ್ಡ ಸಮೀಕ್ಷೆಗಳು ಚೆನ್ನಾಗಿ ಹೇಳುತ್ತವೆ. ಏಕೆ ಎಂಬುದನ್ನು ಹೇಳಲು ಅವುಗಳಿಗೆ ಕಷ್ಟ. ಅರ್ಧ ಗಂಟೆಯಲ್ಲಿ ಪ್ರಶ್ನೆ ಮುಗಿಸಿ ಮುಂದಿನ ಮನೆಗೆ ಹೋಗುವವರ ಎದುರು ಯಾರೂ ಅತ್ತೆ ಸೊಸೆಯ ವಿಷಯ, ಸಾಲದ ವಿಷಯ ಬಿಚ್ಚುವುದಿಲ್ಲ.

ಇದನ್ನು ಮನಗಂಡ ಮೂವರು ಸಂಶೋಧಕರು 1979ರಿಂದ ಬೇರೆ ವಿಧಾನ ಹಿಡಿದರು. ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್, ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿ ಅವರೇ ಈ ಮೂವರು. ಬೆಂಗಳೂರಿನಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್‌ಗೂ ಆಚೆ ಇದ್ದ ಒಂಬತ್ತು ಹಳ್ಳಿಗಳನ್ನು ಆರಿಸಿಕೊಂಡರು. ಒಟ್ಟು ಜನ ಸುಮಾರು 5 ಸಾವಿರ. ತಂಡದವರು ಅಲ್ಲೇ ಉಳಿದು, ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗಿ, ಒಂದೇ ಪ್ರಶ್ನೆಯನ್ನು ಅಜ್ಜಿಗೂ ಸೊಸೆಗೂ ಬೇರೆ ಬೇರೆಯಾಗಿ ಕೇಳಿದರು. ಇದರ ಫಲವಾದ ಪುಸ್ತಕ 1988ರಲ್ಲಿ ಹೊರಬಂತು. ಅದರಲ್ಲಿ ನಾಲ್ಕು ಎಳೆಗಳು ಎದ್ದು ಕಾಣುತ್ತವೆ.

ಮೊದಲನೆಯದು ಮದುವೆ. ಹೆಣ್ಣಿನ ಮದುವೆಯ ವಯಸ್ಸು ಏರುತ್ತಿತ್ತು, ಆದರೆ ಕಾನೂನಿಗೆ ಹೆದರಿ ಅಲ್ಲ. ಹಿಂದೆ ಹಲವು ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡುತ್ತಿದ್ದರು. ನಮ್ಮಲ್ಲಿ ವರನಿಗೂ ವಧುವಿಗೂ ವಯಸ್ಸಿನ ಅಂತರ ಹೆಚ್ಚು. ಶಿಶುಮರಣ ಇಳಿದಂತೆ ಪ್ರತಿ ವರ್ಷ ಬದುಕುಳಿಯುವ ಮಕ್ಕಳ ಸಂಖ್ಯೆ ಏರಿತು. ಏಳೆಂಟು ವರ್ಷ ಮುಂಚೆ ಹುಟ್ಟಿದ ಗಂಡುಗಳ ಗುಂಪು ಚಿಕ್ಕದು, ನಂತರ ಹುಟ್ಟಿದ ಹೆಣ್ಣುಗಳ ಗುಂಪು ದೊಡ್ಡದು. ಗಂಡು ಸಿಗುವುದು ಕಷ್ಟವಾಯಿತು, ತೆರ ಹೋಗಿ ವರದಕ್ಷಿಣೆ ಬಂತು, ಹಣ ಹೊಂದಿಸುವಷ್ಟರಲ್ಲಿ ಹೆಣ್ಣಿಗೆ ಮೂರು ನಾಲ್ಕು ವರ್ಷ ಹೆಚ್ಚಾಯಿತು. ಮದುವೆ ತಡವಾಗುವ ‘ಒಳ್ಳೆಯ’ ಬದಲಾವಣೆಯ ಹಿಂದೆ ವರದಕ್ಷಿಣೆಯೆಂಬ ಕೆಟ್ಟ ಕಾರಣವೂ ಇತ್ತು.

ಎರಡನೆಯದು ಶಾಲೆ. ಶಾಲೆಗೆ ಹೋಗದ ಮಗು ಆರೇಳು ವರ್ಷಕ್ಕೇ ದನ ಮೇಯಿಸುತ್ತದೆ, ತಮ್ಮ ತಂಗಿಯರನ್ನು ಎತ್ತಿಕೊಳ್ಳುತ್ತದೆ. ಶಾಲೆಗೆ ಹೋದ ಮಗುವಿಗೆ ಬಟ್ಟೆ, ಪುಸ್ತಕ ಬೇಕು, ಅದರ ಕೆಲಸವೂ ಮನೆಗೆ ತಪ್ಪುತ್ತದೆ. ಓದಿಸಿದರೆ ಸಂಬಳದ ಕೆಲಸ ಸಿಗಬಹುದು ಎಂಬ ಆಸೆ ಹುಟ್ಟಿದ ಮೇಲೆ ಆರು ಮಕ್ಕಳನ್ನು ಅರೆಬರೆ ಓದಿಸುವುದಕ್ಕಿಂತ ಮೂವರನ್ನು ಪೂರ್ತಿ ಓದಿಸುವುದೇ ವಾಸಿ ಎಂಬ ಲೆಕ್ಕ ಮನೆಗಳಲ್ಲಿ ಶುರುವಾಯಿತು. ತಾಯಿ ತಂದೆ ಅಕ್ಷರಸ್ಥರಲ್ಲದಿದ್ದರೂ ಮಕ್ಕಳ ಶಾಲೆಯೇ ಕುಟುಂಬದ ಗಾತ್ರವನ್ನು ಬದಲಿಸಿತು.

ಮೂರನೆಯದು ಬೇಸಾಯ. ಅಧ್ಯಯನ ನಡೆಯುತ್ತಿದ್ದಾಗಲೇ, 1980ರಿಂದ 1983ರವರೆಗೆ, ಆ ಭಾಗಕ್ಕೆ ಬರ ಬಂತು. ಮಳೆ ನಂಬಿದ ಹೊಲಗಳವರು ಹೊಟ್ಟೆ ಕಟ್ಟಿ ದಿನ ತಳ್ಳಿದರು. ಹೆಚ್ಚು ಮಕ್ಕಳಿದ್ದರೆ ಕಷ್ಟಕಾಲಕ್ಕೆ ಆಸರೆ ಎಂಬ ಹಳೆಯ ನಂಬಿಕೆ ಇಲ್ಲಿ ಪರೀಕ್ಷೆಗೆ ಬಿತ್ತು. ಒಣಗಿದ ಹೊಲದಲ್ಲಿ ನಾಲ್ಕು ಜನ ದುಡಿಯುವವರಿದ್ದರೂ ಬೆಳೆ ಇಲ್ಲವೆಂದರೆ ಇಲ್ಲ. ಮಳೆಗೆ ಸಂಬಂಧವಿಲ್ಲದ ಸಂಬಳ ತರುವ ಒಬ್ಬ ಮಗನೋ ಅಳಿಯನೋ ಇದ್ದ ಮನೆಗೆ ಭದ್ರತೆ ಹೆಚ್ಚು. ಭದ್ರತೆ ಇರುವುದು ಮಕ್ಕಳ ಸಂಖ್ಯೆಯಲ್ಲಲ್ಲ, ಒಬ್ಬಿಬ್ಬರ ಓದಿನಲ್ಲಿ ಎಂಬುದು ರೈತರಿಗೆ ಯಾವ ಭಿತ್ತಿಪತ್ರಕ್ಕಿಂತ ಸ್ಪಷ್ಟವಾಗಿ ಅರ್ಥವಾಯಿತು.

ನಾಲ್ಕನೆಯದು ಆರೋಗ್ಯ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವ ನಿರ್ಧಾರ ಯಾರದು? ಹಲವು ಮನೆಗಳಲ್ಲಿ ಅದು ತಾಯಿಯದ್ದಾಗಿರಲಿಲ್ಲ, ಅತ್ತೆಯದೋ ಮನೆಯ ಯಜಮಾನನದೋ ಆಗಿತ್ತು. ಸ್ವಲ್ಪ ಓದಿದ ಸೊಸೆ ಮಾತ್ರ ‘ಇವತ್ತೇ ಡಾಕ್ಟರಿಗೆ ತೋರಿಸಬೇಕು’ ಎಂದು ಹಟ ಹಿಡಿಯುವುದು ಹೆಚ್ಚು. ಓದಿದ ತಾಯಂದಿರ ಮಕ್ಕಳು ಬದುಕುಳಿಯುವುದು ಹೆಚ್ಚೇಕೆ ಎಂಬ ಪ್ರಶ್ನೆಗೆ ಇದೊಂದು ಮುಖ್ಯ ಉತ್ತರ. ಹುಟ್ಟಿದ ಮಗು ಉಳಿಯುತ್ತದೆ ಎಂಬ ನಂಬಿಕೆ ಬಂದ ಮೇಲೆ ‘ಒಂದಿರಲಿ ಎಂದು ಇನ್ನೊಂದು’ ಹೆರುವ ಅಗತ್ಯ ಕಡಿಮೆಯಾಗುತ್ತದೆ. ಭಾರತದಲ್ಲಿ 1971ರಲ್ಲಿ ಸಾವಿರ ಶಿಶುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28.

ಹೀಗೆ ಮದುವೆ, ಓದು, ಮಳೆ, ಕಾಯಿಲೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಇವುಗಳಲ್ಲಿ ‘ಅಜ್ಞಾನ’ ಎಲ್ಲೂ ಸಿಗುವುದಿಲ್ಲ. ಹೆಚ್ಚು ಮಕ್ಕಳಿದ್ದ ಕಾಲದಲ್ಲೂ ಅದು ಆ ಪರಿಸ್ಥಿತಿಗೆ ತಕ್ಕ ಲೆಕ್ಕವೇ ಆಗಿತ್ತು. ಪರಿಸ್ಥಿತಿ ಬದಲಾಯಿತು, ಲೆಕ್ಕವೂ ಬದಲಾಯಿತು.

ಭಾರ ಹೊತ್ತವರು ಯಾರು?

ಕಡಿಮೆ ಮಕ್ಕಳು ಬೇಕು ಎಂಬ ನಿರ್ಧಾರ ಮನೆಯದ್ದಾದರೂ ಅದರ ಭಾರ ಬಿದ್ದದ್ದು ಹೆಚ್ಚಾಗಿ ಹೆಂಗಸರ ಮೇಲೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ ಸುಮಾರು 83 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವರಲ್ಲಿ ಸುಮಾರು 62 ಲಕ್ಷ ಮಂದಿ ಗಂಡಸರು, ಎಷ್ಟೋ ಜನರಿಗೆ ಬಲವಂತದಿಂದ ಮಾಡಲಾಯಿತು. ಆ ಸಿಟ್ಟಿನ ನಂತರ ಸರ್ಕಾರಗಳು ಗಂಡಸರ ಸುದ್ದಿಗೆ ಹೋಗುವುದನ್ನೇ ಹೆಚ್ಚುಕಡಿಮೆ ಬಿಟ್ಟವು.

ಇವತ್ತು ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಸುಮಾರು 57% ಆಪರೇಷನ್ ಮಾಡಿಸಿಕೊಂಡವರು. ಗಂಡಂದಿರು ಮಾಡಿಸಿಕೊಂಡ ಪ್ರಮಾಣ ಸೊನ್ನೆಗೆ ಹತ್ತಿರ. ಎಷ್ಟೋ ಹೆಂಗಸರ ಆಪರೇಷನ್ ಇಪ್ಪತ್ತೈದರ ಆಸುಪಾಸಿನಲ್ಲೇ ಮುಗಿದಿರುತ್ತದೆ. ಬೇಗ ಮದುವೆ, ಬೆನ್ನು ಬೆನ್ನಿಗೆ ಎರಡು ಮೂರು ಹೆರಿಗೆ, ಆಮೇಲೆ ಆಪರೇಷನ್. ನಡುವೆ ಅಂತರ ಕೊಡುವ ವಿಧಾನಗಳ ಬಳಕೆ ಕಡಿಮೆ. ಮಕ್ಕಳ ಸಂಖ್ಯೆ ಇಳಿದ ಮಾತ್ರಕ್ಕೆ ತಾಯಿಯ ಆರೋಗ್ಯ ಸುಧಾರಿಸಲಿಲ್ಲ ಎಂಬುದಕ್ಕೆ ಇನ್ನೊಂದು ಅಂಕಿ ನೋಡಿ. ರಾಜ್ಯದ ಮಹಿಳೆಯರಲ್ಲಿ ರಕ್ತಹೀನತೆ 2015-16ರಲ್ಲಿ 44.8% ಇದ್ದದ್ದು 2019-20ರಲ್ಲಿ 47.8% ಆಯಿತು.

ಗಂಡಸರ ಶಸ್ತ್ರಚಿಕಿತ್ಸೆಯಾದ ವ್ಯಾಸೆಕ್ಟಮಿಯ ಬಗ್ಗೆ ಇರುವ ಭಯವೂ ಆಧಾರವಿಲ್ಲದ್ದು. ‘ಶಕ್ತಿ ಹೋಗುತ್ತದೆ, ಭಾರ ಎತ್ತಲು ಆಗುವುದಿಲ್ಲ’ ಎನ್ನುತ್ತಾರೆ. ಅದರಲ್ಲಿ ಕತ್ತರಿಸುವುದು ವೀರ್ಯಾಣು ಸಾಗುವ ನಾಳವನ್ನು ಮಾತ್ರ. ಪುರುಷ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ, ಅದಕ್ಕೆ ಆ ನಾಳ ಬೇಕಿಲ್ಲ. ಹೊಟ್ಟೆ ತೆರೆಯುವ ಮಾತಿಲ್ಲ, ಆ ಜಾಗಕ್ಕಷ್ಟೇ ಮರಗಟ್ಟುವ ಔಷಧ ಕೊಟ್ಟು ಮಾಡುತ್ತಾರೆ. ಹೆಂಗಸರ ಆಪರೇಷನ್‌ಗಿಂತ ಇದು ಸರಳ, ಅಪಾಯವೂ ಕಡಿಮೆ. ಮೊದಲ ಕೆಲ ದಿನ ಭಾರದ ಕೆಲಸ ಬಿಡಬೇಕು, ಸುಮಾರು ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸಿ ಖಚಿತವಾಗುವವರೆಗೆ ಬೇರೆ ಮುನ್ನೆಚ್ಚರಿಕೆ ಬೇಕು, ಅಷ್ಟೇ.

ಸರಾಸರಿಯನ್ನು ನಂಬಿ ಕೂರಬಾರದು

ಒಂಬತ್ತು ಹಳ್ಳಿಗಳ ಅಧ್ಯಯನಕ್ಕೂ ಮಿತಿಯಿದೆ. ದಕ್ಷಿಣ ಕರ್ನಾಟಕದ ಹಳ್ಳಿಯ ಕಥೆ ಯಾದಗಿರಿಯ ಹಳ್ಳಿಗೆ ಹಾಗೆಯೇ ಹೊಂದುವುದಿಲ್ಲ. ಹಾಗೆಂದು ರಾಜ್ಯದ ಸರಾಸರಿಯೂ ಸಾಲದು. ಬೆಂಗಳೂರಿನ ಅಂಕಿ ಎತ್ತರಕ್ಕಿದ್ದರೆ ಅದರ ನೆರಳಿನಲ್ಲಿ ಹಿಂದುಳಿದ ತಾಲ್ಲೂಕು ಕಾಣದೇ ಹೋಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಕೃಷಿ, ಆರೋಗ್ಯ, ಶಿಕ್ಷಣ, ರಸ್ತೆ ಮುಂತಾದ 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನೂ ಸಮಿತಿ ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ಹಾಗೆಂದು ದಕ್ಷಿಣ ಕರ್ನಾಟಕಕ್ಕೆ ವಿನಾಯಿತಿ ಇರಲಿಲ್ಲ, ಅಲ್ಲಿನ 13 ತಾಲ್ಲೂಕುಗಳೂ ಅದೇ ಪಟ್ಟಿಯಲ್ಲಿದ್ದವು. ನೀರಾವರಿ ಇಲ್ಲದ ಕಡೆ, ಶಾಲೆ ಆಸ್ಪತ್ರೆ ದೂರವಿರುವ ಕಡೆ ಹೆಣ್ಣುಮಕ್ಕಳ ಮದುವೆ ಬೇಗ ಆಗುವುದು, ಹೆರಿಗೆಗಳು ಹೆಚ್ಚುವುದು ಆಶ್ಚರ್ಯವಲ್ಲ. ಆ ಕುಟುಂಬಗಳ ಲೆಕ್ಕ ಬದಲಾಗುವಂಥ ಪರಿಸ್ಥಿತಿಯನ್ನೇ ನಾವು ಅಲ್ಲಿಗೆ ತಲುಪಿಸಿಲ್ಲ.

ತಪ್ಪು ನಂಬಿಕೆಗೆ ಬೆಲೆ ಇದೆ

‘ಹಳ್ಳಿಯವರು ತಿಳಿಯದೆ ಹೆರುತ್ತಾರೆ’ ಎಂದು ನಂಬಿದರೆ ಪರಿಹಾರವೂ ಹಾಗೆಯೇ ಇರುತ್ತದೆ, ಅಂದರೆ ಬುದ್ಧಿ ಹೇಳುವುದು ಇಲ್ಲವೇ ಶಿಕ್ಷಿಸುವುದು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಕಾನೂನು ಹಲವು ರಾಜ್ಯಗಳಲ್ಲಿ ಬಂದದ್ದು ಹೀಗೆ. ಆಂಧ್ರಪ್ರದೇಶ 1990ರ ದಶಕದಲ್ಲಿ ತಂದಿದ್ದ ಆ ನಿಯಮವನ್ನು 2024ರಲ್ಲಿ ಕೈಬಿಟ್ಟಿತು. ಈಗ ಅಲ್ಲಿನ ಚಿಂತೆ ಜನ ಹೆಚ್ಚುವುದಲ್ಲ, ವಯಸ್ಸಾದವರ ಪಾಲು ಏರುವುದು. ಕರ್ನಾಟಕವೂ ಅದೇ ದಾರಿಯಲ್ಲಿದೆ. ಮಕ್ಕಳು ನಗರಕ್ಕೆ ಹೋದ ಹಳ್ಳಿಗಳಲ್ಲಿ ಹೊಲ ನೋಡಿಕೊಳ್ಳುವವರು ಅರವತ್ತು ದಾಟಿದವರು ಎಂಬ ದೃಶ್ಯ ಈಗಲೇ ಹೊಸದಲ್ಲ.

ಮುಂದಿನ ಸಲ ಯಾರಾದರೂ ಜನಸಂಖ್ಯೆಯ ಅಂಕಿ ಹೇಳಿ ಹಳ್ಳಿಯ ಕಡೆ ಬೆರಳು ತೋರಿಸಿದರೆ ಮೂರು ಪ್ರಶ್ನೆ ಕೇಳಿ. ಇದು ಯಾವ ವರ್ಷದ ಅಂಕಿ? ಯಾವ ತಾಲ್ಲೂಕಿನದು, ಅಥವಾ ಎಲ್ಲವನ್ನೂ ಕಲೆಸಿದ ಸರಾಸರಿಯೇ? ಅಲ್ಲಿ ಹೈಸ್ಕೂಲು, ಆಸ್ಪತ್ರೆ ಎಷ್ಟು ದೂರದಲ್ಲಿವೆ? ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ, ಮಕ್ಕಳ ಸಂಖ್ಯೆಯ ವಿವರಣೆಯೂ ಬಹುಪಾಲು ಅಲ್ಲೇ ಸಿಗುತ್ತದೆ.