ಹತ್ತಡಿ ಕೋಣೆಗೆ ಎಂಟಿಂಚಿನ ಸ್ಪೀಕರ್ ಏಕೆ?

ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಈಗ ಅದನ್ನು ಕಂಪ್ಯೂಟರಿಗೆ ಜೋಡಿಸಿ ಸ್ಟುಡಿಯೊ ಮಾನಿಟರ್‌ಗಳಲ್ಲಿ ಕೇಳುವುದುಂಟು. ಮಾನಿಟರ್ ಎಂದರೆ ಧ್ವನಿಯನ್ನು ಸಿಂಗರಿಸದೆ ಇದ್ದಂತೆಯೇ ಕೇಳಿಸಬೇಕಾದ ಸ್ಪೀಕರ್. ದೊಡ್ಡದಾದಷ್ಟೂ ಒಳ್ಳೆಯದೆಂದು ಎಂಟಿಂಚಿನ ಜೋಡಿಯನ್ನು ಅಪಾರ್ಟ್‌ಮೆಂಟಿನ ಹತ್ತಡಿ ಕೋಣೆಗೆ ತಂದಿಟ್ಟುಕೊಳ್ಳುವುದು ದುಂದು ಮಾತ್ರವಲ್ಲ, ಉದ್ದೇಶಕ್ಕೇ ವಿರುದ್ಧ.

ಗಿಟಾರಿನ ಅತಿ ಮಂದ್ರ ತಂತಿಯ ಕಂಪನ ಸುಮಾರು 82 ಹರ್ಟ್ಜ್. ಆ ಶಬ್ದದ ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಕೋಣೆಯೇ ಅದಕ್ಕಿಂತ ಚಿಕ್ಕದು! ಗೋಡೆಯಿಂದ ಗೋಡೆಗೆ ಪುಟಿಯುವ ಇಂಥ ಅಲೆಗಳು ಒಂದೆಡೆ ಅಬ್ಬರಿಸಿ ಇನ್ನೊಂದೆಡೆ ಸೊರಗುತ್ತವೆ. ಆಗ ನುಡಿಸುವವರಿಗೆ ಕೇಳಿಸುವುದು ವಾದ್ಯಕ್ಕಿಂತ ಹೆಚ್ಚಾಗಿ ಕೋಣೆ. ಐದಿಂಚಿನ ಜೋಡಿಯನ್ನು ಮೂಲೆಯಿಂದ ದೂರ, ಕಿವಿಯ ಎತ್ತರಕ್ಕೆ ಇಟ್ಟರೆ ಸಾಕು.

ಅದಕ್ಕೂ ಮೊದಲು ಹಣ ಸಲ್ಲಬೇಕಾದದ್ದು ಹೆಡ್‌ಫೋನಿಗೆ. ಅಭ್ಯಾಸಕ್ಕೆ ಬಿಡುವು ಸಿಗುವುದೇ ರಾತ್ರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರದ ಮಿತಿ 45 ಡೆಸಿಬೆಲ್. ಹೊರಬದಿ ತೆರೆದ ಮಾದರಿಯಲ್ಲಿ ನಾದ ಸಹಜವಾಗಿದ್ದರೂ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುತ್ತದೆ; ಅಂಥಲ್ಲಿ ಮುಚ್ಚಿದ ಮಾದರಿಯೇ ಲೇಸು. ಗಿಟಾರ್ ಸ್ಪೀಕರ್ 5,000 ಹರ್ಟ್ಜ್‌ಗಿಂತ ಮೇಲಿನ ಕರ್ಕಶವನ್ನು ಬಹುಪಾಲು ನುಂಗುತ್ತದೆ, ಹೆಡ್‌ಫೋನ್ ನುಂಗುವುದಿಲ್ಲ. ಆ ಸ್ಪೀಕರನ್ನು ಅನುಕರಿಸುವ ತಂತ್ರಾಂಶ ಬಳಸದೆ ಹೆಡ್‌ಫೋನನ್ನು ದೂರುವುದು ನ್ಯಾಯವಲ್ಲ.

ಹೆಡ್‌ಫೋನಿನಲ್ಲಿ ನೆರೆಯವರು ಪಾರಾದರೂ ಕಿವಿ ಪಾರಾಗದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರು 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90ಕ್ಕೆ ಏರಿದರೆ, ನಾಲ್ಕೇ ಗಂಟೆ.